ಮಡಚುವುದೋ, ಉದ್ದದ್ದೋ

ಆ ದಿನಗಳಲ್ಲಿ ನಿಮ್ಮಪ್ಪನೂ ನಾನೂ ನೇರವಾಗಿ ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. ಹುಣಸೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವ ರೂಢಿ ಇರಲಿಲ್ಲ, ಅಷ್ಟೇ. ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಡೆಟ್ರಾಯಿಟ್ ಪಕ್ಕದ ರಾಚೆಸ್ಟರ್ ಹಿಲ್ಸ್‌ನ ನಿಮ್ಮ ಮನೆಗೆ ಬಂದಾಗ ಆ ರೂಢಿಯೂ ನನ್ನ ಜೊತೆ ಬಂತು. ಅವರು ಹಾಲಿಗೆ ಬಂದರೆ ನಾನು ಅಡುಗೆಮನೆಗೆ ಸರಿಯುತ್ತಿದ್ದೆ. ಏನಾದರೂ ಹೇಳಬೇಕಾದರೆ ನನ್ನ ಮಗಳಿಗೆ, ಅಂದರೆ ನಿಮ್ಮಮ್ಮನಿಗೆ, ಹೇಳುತ್ತಿದ್ದೆ. ಅವಳು ಅವರಿಗೆ ದಾಟಿಸುತ್ತಿದ್ದಳು. ಇದನ್ನು ಓದಿ ನೀವಿಬ್ಬರೂ ನಗುತ್ತೀರಿ, ಗೊತ್ತು. ನಗಿ. ಆದರೆ ಇದು ಗೊತ್ತಿಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ಡೆಟ್ರಾಯಿಟ್ ಸುತ್ತಮುತ್ತ ಕೆಲಸಗಳು ಉದುರುತ್ತಿದ್ದ ಕಾಲ ಅದು. ನಮ್ಮ ಬಡಾವಣೆಯಲ್ಲಿ ಮನೆ ಮಾರಾಟದ ಬೋರ್ಡುಗಳು ಹಿಮದಲ್ಲಿ ಅರ್ಧ ಹೂತು ನಿಂತಿರುತ್ತಿದ್ದವು. ನಿಮ್ಮಪ್ಪ ಕಾರಿನ ಸ್ಟೀರಿಂಗ್ ಮೇಲೂ ಡ್ಯಾಶ್‌ಬೋರ್ಡಿನ ಮೇಲೂ ಇರುವ ಬಟನ್‌ಗಳನ್ನು ವಿನ್ಯಾಸ ಮಾಡುವ ಕಂಪನಿಯಲ್ಲಿದ್ದರು. ದಿನವೂ ಡಿಯರ್‌ಬಾರ್ನ್‌ಗೆ ಹೋಗಿ ಬರುತ್ತಿದ್ದರು. ಚಳಿಗಾಲ ಶುರುವಾಗುವ ಹೊತ್ತಿಗೆ ಆ ಕೆಲಸ ಹೋಯಿತು. ಬಹಳ ಅಲೆದ ಮೇಲೆ ಷಿಕಾಗೋ ಹತ್ತಿರ, ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಸಣ್ಣ ಡಿಸೈನ್ ಕಂಪನಿಯಲ್ಲಿ ಮಾರ್ಚ್ ಕೊನೆಯವರೆಗೆ ಮಾತ್ರ ಎಂದು ಒಂದು ಕೆಲಸ ಸಿಕ್ಕಿತು. ಕೈಯಲ್ಲಿ ಹಿಡಿದು ಆಡುವ ಗೇಮ್ ಮೆಷಿನ್ನಿಗೆ ಆಕಾರ ಕೊಡುವ ಕೆಲಸ. ಭಾನುವಾರ ಸಂಜೆ ಡ್ರೈವ್ ಮಾಡಿಕೊಂಡು ಹೋಗಿ, ವಾರವೆಲ್ಲ ಮೋಟೆಲಿನಲ್ಲಿದ್ದು, ಶುಕ್ರವಾರ ಬರುತ್ತಿದ್ದರು.

ಮಾರ್ಚ್ ಮುಗಿಯುವ ಮುಂಚೆ ಒಂದು ಮಂಗಳವಾರ, ಆ ಮೆಷಿನ್ ಮಾಡಿಸುತ್ತಿರುವವರು ಬಂದು ಮಾಡೆಲ್ ನೋಡುವುದೆಂದು ಗೊತ್ತಾಗಿತ್ತು. ಅವರಿಗೆ ಒಪ್ಪಿಗೆಯಾದರೆ ನಿಮ್ಮಪ್ಪನ ಕೆಲಸ ಮುಂದುವರಿಯುತ್ತದೆ, ಕಂಪನಿ ವೀಸಾ ಮುಂದುವರಿಸುತ್ತದೆ. ಇಲ್ಲದಿದ್ದರೆ ಇಲ್ಲ. ಕೆಲಸವಿಲ್ಲದೆ ವೀಸಾ ಇಲ್ಲ, ವೀಸಾ ಇಲ್ಲದೆ ಆ ಮನೆಯೂ ಇಲ್ಲ, ನಿಮ್ಮ ಶಾಲೆಯೂ ಇಲ್ಲ. ನಿಮ್ಮಮ್ಮ ಆಗಲೇ ಸೂಟ್‌ಕೇಸುಗಳನ್ನು ಬೇಸ್‌ಮೆಂಟಿನಿಂದ ಮೇಲೆ ತಂದಿಟ್ಟಿದ್ದಳು. ಯಾಕೆ ಎಂದು ನೀವು ಕೇಳಿದ್ದಕ್ಕೆ ಧೂಳು ಒರೆಸಲು ಎಂದಿದ್ದಳು.

ಶುಕ್ರವಾರ ಬರುವಾಗ ಅವರು ಮಾಡೆಲ್‌ಗಳನ್ನು ತರುತ್ತಿದ್ದರು. ಗಟ್ಟಿ ಫೋಮ್ ಕೆತ್ತಿ, ಮೇಲೆ ಕಾರಿನ ತಗ್ಗು ಮುಚ್ಚುವ ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಹೊಡೆದಿರುತ್ತಿದ್ದರು. ಬ್ಯಾಟರಿಯ ಭಾರ ಬರಲೆಂದು ಒಳಗೆ ಕಬ್ಬಿಣದ ತುಂಡು. ಸ್ಕ್ರೀನ್ ಇರಬೇಕಾದ ಕಡೆ ಕಪ್ಪು ಕಾಗದ. ಬಟನ್ ಮಾತ್ರ ನಿಜವಾದವು, ಒತ್ತಿದರೆ ಒಳಗೆ ಹೋಗುತ್ತಿದ್ದವು. ಎಷ್ಟೋ ಆಕಾರಗಳು ಬಂದು ಹೋಗಿ, ಕೊನೆಗೆ ಎರಡು ಉಳಿದಿದ್ದವು. ಒಂದು ಮಡಚುವುದು: ಪುಸ್ತಕದ ಹಾಗೆ ತೆರೆಯುವ ಎರಡು ಎಲೆ, ನಡುವೆ ಕೀಲು. ಮೇಲಿನ ಎಲೆಯಲ್ಲಿ ಸ್ಕ್ರೀನ್, ಕೆಳಗಿನದರಲ್ಲಿ ಬಟನ್. ಮುಚ್ಚಿದರೆ ಜೇಬಿಗೆ ಹೋಗುತ್ತದೆ, ಸ್ಕ್ರೀನಿಗೆ ಗೀರು ಬೀಳುವುದಿಲ್ಲ. ಇನ್ನೊಂದು ಉದ್ದದ್ದು: ನಡುವೆ ದೊಡ್ಡ ಸ್ಕ್ರೀನ್, ಎರಡು ತುದಿಗೆ ಬಟನ್, ಹಿಂಬದಿಯಲ್ಲಿ ಬೆರಳುಗಳು ಕೂರಲು ಉಬ್ಬು. ಅದು ಯಾವ ಜೇಬಿಗೂ ಹೋಗುವುದಿಲ್ಲ, ನೋಡಲು ಸೊಗಸೂ ಇರಲಿಲ್ಲ. ಅದರ ಹಿಂಬದಿಯ ಕೆಲಸವೂ ಅರ್ಧಕ್ಕೇ ನಿಂತಿತ್ತು.

"ಸ್ಟೀರಿಂಗ್ ಮೇಲಿನ ಬಟನ್‌ಗೆ ಬೆರಳು ಹೋಗುತ್ತೆ, ಒತ್ತುತ್ತೆ, ವಾಪಸ್ ಬರುತ್ತೆ," ಎಂದು ನಿಮ್ಮಪ್ಪ ನಿಮ್ಮಮ್ಮನಿಗೆ ಹೇಳುತ್ತಿದ್ದುದನ್ನು ಅಡುಗೆಮನೆಯಿಂದ ಕೇಳಿದ್ದೇನೆ. "ಇದ್ರಲ್ಲಿ ಹಾಗಲ್ಲ ಕಣೇ. ಹೆಬ್ಬೆರಳು ಅಲ್ಲೇ ವಾಸ ಮಾಡುತ್ತೆ. ಗಂಟೆಗಟ್ಟಲೆ."

ಅವರ ಪ್ರೀತಿಯೆಲ್ಲ ಮಡಚುವುದರ ಮೇಲಿತ್ತು. ಅವರ ಮ್ಯಾನೇಜರಿಗೂ ಅದೇ ಇಷ್ಟವಂತೆ. ಆದರೂ ಮಂಗಳವಾರ ತೋರಿಸುವ ಮುಂಚೆ ನಾಲ್ಕು ಜನರ ಕೈಯಲ್ಲಿ ಇಟ್ಟು ನೋಡೋಣ ಎಂದು, ಹಿಂದಿನ ಶನಿವಾರ ನಮ್ಮ ಮನೆಯಲ್ಲೇ, ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಪಾಟ್‌ಲಕ್ ಊಟ ಇಟ್ಟರು.

ಹತ್ತಿರದ ಕನ್ನಡದ ಮನೆಗಳವರೆಲ್ಲ ಬಂದರು. ಆ ವರ್ಷ ಯಾರ ಮನೆಗೆ ಹೋದರೂ ಗಂಡಸರು ಹಿಮದ ಮಾತನ್ನೇ ಆಡುತ್ತಿದ್ದರು. ಕೆಲಸ ಹೇಗಿದೆ ಎಂದು ಕೇಳಲು ಎಲ್ಲರಿಗೂ ಭಯ. ಊಟವಾದ ಮೇಲೆ ನಿಮ್ಮಪ್ಪ ಮಡಚುವ ಮಾಡೆಲನ್ನು ಒಬ್ಬೊಬ್ಬರ ಕೈಗೂ ಕೊಟ್ಟು, ಆಡುವವರ ಹಾಗೆ ಬಟನ್ ಒತ್ತುತ್ತಾ ಇರಲು ಹೇಳಿದರು.

ಧಾರವಾಡದ ಕಡೆಯ ಡಾಕ್ಟರೊಬ್ಬರಿದ್ದರಲ್ಲ, ನಿಮಗೆ ಚಾಕೊಲೇಟ್ ತರುತ್ತಿದ್ದವರು, ಅವರು ಮೊದಲು ಹಿಡಿದರು. "ಏ, ಭಾಳ ಛಲೋ ಐತ್ರೀ! ಕಿಸೆದಾಗ ಇಟ್ಕೊಂಡು ಆರಾಮ ಅಡ್ಡಾಡಬಹುದು."

ನಿಮ್ಮಪ್ಪನ ಬೆಂಗಳೂರಿನ ಗೆಳೆಯ ಒತ್ತಿದರು, ಮುಚ್ಚಿದರು, ತೆರೆದರು. "ಸೂಪರ್ ಗುರು! ಮಾರ್ಕೆಟ್‌ಗೆ ಬಂದ್ರೆ ಫಸ್ಟ್ ಪೀಸ್ ನನಗೇ. ಈಗ್ಲೇ ಬುಕ್ ಮಾಡಿದೀನಿ."

ಹೆಂಗಸರೂ ಹಿಡಿದರು. ಒಬ್ಬರಾದರೂ ಒಂದು ಕೊಂಕು ತೆಗೆಯಲಿಲ್ಲ. ನಿಮ್ಮಪ್ಪನ ಮುಖ ತಿಂಗಳುಗಳ ನಂತರ ಬೆಳಗಿದ್ದನ್ನು ನಾನು ಬಾಗಿಲ ಮರೆಯಿಂದ ನೋಡಿದೆ.

ನಾನು ಪಾತ್ರೆಗಳನ್ನು ಎತ್ತಿಡಲು ಬಂದಾಗ ಡಾಕ್ಟರ ಹೆಂಡತಿ ಸಿಂಕಿನ ಬಿಸಿನೀರಿಗೆ ಅಂಗೈ ಒಡ್ಡಿಕೊಂಡು ನಿಂತಿದ್ದರು.

"ಏನಾಯ್ತು ತಾಯಿ?"

"ಏನಿಲ್ರೀ ಅಮ್ಮಾರ. ಆ ಮಷೀನಿನ ಮೂಲಿ ಚುಚ್ಚತೈತ್ರೀ. ಯಾರ ಮುಂದೂ ಹೇಳಬ್ಯಾಡ್ರಿ ಮತ್ತ, ಆಣಿ ಐತಿ. ಪಾಪ, ಮೊದಲ ನೊಂದಾರ. ಛಲೋ ಇಲ್ಲಂತ ಹೆಂಗ ಹೇಳೂದು?"

ತಟ್ಟೆ ಇಡಲು ಬಂದ ಬೆಂಗಳೂರಿನ ಗೆಳೆಯ ಅದನ್ನು ಕೇಳಿಸಿಕೊಂಡು ದನಿ ತಗ್ಗಿಸಿದರು. "ನಿಮಗೂನಾ? ನನ್ನ ಹೆಬ್ಬೆರಳೂ ಜುಮ್ ಅಂತಿದೆ. ನಾನು ಬೇರೆ ಫಸ್ಟ್ ಪೀಸ್ ಬುಕ್ ಮಾಡ್ಬಿಟ್ಟೆ!"

ಅವರಿಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಅವರದು ಕೆಟ್ಟ ಮನಸ್ಸಲ್ಲ. ಕೆಲಸ ಕಳೆದುಕೊಂಡವನ ಮನೆಯಲ್ಲಿ ಉಂಡು, ಅವನ ಕೈಕೆಲಸದಲ್ಲಿ ತಪ್ಪು ಹುಡುಕುವುದು ಹೇಗೆ ಎಂಬ ದಾಕ್ಷಿಣ್ಯ. ನಾನಾದರೂ ಅದನ್ನೇ ಹೇಳುತ್ತಿದ್ದೆನೇನೋ. ಆದರೆ ಆ ದಾಕ್ಷಿಣ್ಯವನ್ನು ನಂಬಿಕೊಂಡು ನಿಮ್ಮಪ್ಪ ಮಂಗಳವಾರ ಮಡಚುವುದನ್ನೇ ಮುಂದಿಡುವವರಿದ್ದರು.

ಎಲ್ಲರೂ ಹೋದ ಮೇಲೆ ನಿಮ್ಮಮ್ಮನಿಗೆ ಹೇಳಿದೆ. ಅವಳು ಅವರನ್ನು ಅಡುಗೆಮನೆಗೇ ಕರೆದಳು. ನಾನು ಒಲೆಯ ಕಡೆ ಮುಖ ಮಾಡಿ ನಿಂತೆ.

"ಎಲ್ರೂ ಚೆನ್ನಾಗಿದೆ ಅಂದ್ರಲ್ಲೇ!" ಎಂದರು ನಿಮ್ಮಪ್ಪ.

"ಅಮ್ಮ ಇಲ್ಲೇ ಸಿಂಕ್ ಹತ್ರ ಕೇಳಿಸ್ಕೊಂಡಿದಾರೆ. ಕೈ ನೋಯುತ್ತಂತೆ."

"ಯಾರು ಹೇಳಿದ್ದಂತೆ? ಕೇಳು ನಿಮ್ಮಮ್ಮನ್ನ."

"ಯಾರು ಅಂತ ಹೇಳಲ್ಲ, ಆಣೆ ಹಾಕಿದಾರೆ ಅಂತ ಹೇಳು," ಎಂದೆ ನಾನು ಒಲೆಗೆ.

"ಹೇಳಲ್ವಂತೆ ಕಣ್ರೀ."

"ಕೇಳಿಸ್ತು ನಂಗೆ! ಇಲ್ಲೇ ನಿಂತಿದೀನಲ್ಲ!" ಅವರ ದನಿ ಏರಿತು. ನಾನು ಬೆಚ್ಚಿದೆ. ಅವರು ಕೂಡಲೇ ತಗ್ಗಿಸಿ, "ಅವರಿಗಲ್ಲ ಅಂದಿದ್ದು ಅಂತ ಹೇಳು," ಎಂದರು.

ಆಮೇಲೆ ಫೋನ್ ಹಿಡಿದರು. ಬೆಂಗಳೂರಿನ ಗೆಳೆಯನಿಗೇ ಮೊದಲು ಮಾಡಿದರು. "ನಿಜ ಹೇಳಪ್ಪ, ಕೈ ನೋಯ್ತಾ?" ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. "ಛೆ ಛೆ, ಯಾರು ಹೇಳಿದ್ದು? ಬೆಣ್ಣೆ ಹಾಗಿದೆ ಗುರು. ಟೆನ್ಷನ್ ಮಾಡ್ಕೋಬೇಡ." ಡಾಕ್ಟರ ಮನೆಯಿಂದಲೂ ಅದೇ ಉತ್ತರ. ಒತ್ತಿ ಕೇಳಿದಷ್ಟೂ ಹೊಗಳಿಕೆ ಹೆಚ್ಚಾಯಿತು. ನಿಮ್ಮಪ್ಪ ಫೋನ್ ಇಟ್ಟು ಸೋಫಾದ ಅಂಚಿನಲ್ಲಿ ಕುಳಿತರು. ತಾವೇ ಮಾಡೆಲ್ ಹಿಡಿದು ಬಹಳ ಹೊತ್ತು ಒತ್ತಿದರು. ಆದರೆ ತಾವೇ ಉಜ್ಜಿ ಮಾಡಿದ ವಸ್ತುವನ್ನು ಹಿಡಿಯಲು ಅವರ ಕೈ ಆಗಲೇ ಪಳಗಿಹೋಗಿತ್ತು.

"ನಿಮ್ಮದಲ್ಲ ಅಂತ ಹೇಳಿ ನೋಡಿ," ಎಂದಳು ನಿಮ್ಮಮ್ಮ ಇದ್ದಕ್ಕಿದ್ದ ಹಾಗೆ.

"ಅಂದ್ರೆ?"

"ಮಾಡಿದವಳ ಎದುರು ಸಾರು ಹೇಗಿದೆ ಅಂತ ಕೇಳಿದ್ರೆ ಯಾರು ನಿಜ ಹೇಳ್ತಾರೆ? ಬೇರೆಯವರ ಸಾರು ಅಂತ ಹೇಳಿ, ಆಗ ಉಪ್ಪು ಹುಳಿ ಎಲ್ಲ ಆಚೆ ಬರುತ್ತೆ."

ಮಾರನೆಯ ದಿನ ದೇವಸ್ಥಾನದ ಊಟದ ಹಾಲ್‌ನಲ್ಲಿ ಅವರೆಲ್ಲ ಸಿಕ್ಕರು. ಮಡಚುವ ಮಾಡೆಲ್ ನಿಮ್ಮಪ್ಪನ ಜೇಬಿನಲ್ಲಿತ್ತು. ನಿಮ್ಮಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಕಿವಿ ಕೆಂಪಗಾಗಿತ್ತು. "ನಿನ್ನೆ ತೋರಿಸಿದ್ನಲ್ಲ, ಅದು ನಮ್ಮದಲ್ಲ. ಎದುರಾಳಿ ಕಂಪನಿಯವರದ್ದು. ನೀವೆಲ್ಲ ಅಷ್ಟು ಹೊಗಳಿದ್ದು ಕೇಳಿ ಹೆದರಿಕೆ ಆಗಿದೆ. ಅವರದ್ದು ಅಷ್ಟು ಚೆನ್ನಾಗಿದ್ರೆ ನನ್ನ ಕೆಲಸ ಹೋದ ಹಾಗೇ."

ಬೆಂಗಳೂರಿನ ಗೆಳೆಯ ಕೈ ಚಾಚಿದರು. "ಕೊಡು ಇಲ್ಲಿ. ಮೊದ್ಲೇ ಹೇಳೋದಲ್ವಾ! ಇದು ಗೇಮ್ ಮೆಷಿನ್ನಾ, ಹಪ್ಪಳ ಸುಡೋ ಇಕ್ಕಳಾನಾ?"

"ಅಲ್ರೀ, ಇದನ್ನ ಮಾಡಿದಾವ ಯಾರ?" ಎಂದರು ಡಾಕ್ಟರು. "ಅವಗ ಕೈ ಅದಾವೋ ಇಲ್ಲೋ? ಮ್ಯಾಲಿನ ಎಲಿ ಹಿಂದಕ್ಕ ವಾಲತೈತಿ, ಅದನ್ನ ತಡೀಲಿಕ್ಕೆ ಹೋಗಿ ಹೆಬ್ಬಟ್ಟ ಸೆಟದ ಹೋಗ್ತಾವು."

ಎಲ್ಲರೂ ನಕ್ಕರು. ನಿಮ್ಮಪ್ಪನೂ ನಕ್ಕರು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ.

ಆದರೆ ಅವರು ಬುದ್ಧಿವಂತರು. ನಿನ್ನೆ ತಮ್ಮನ್ನು ಸಂತೋಷಪಡಿಸಲು ಹೊಗಳಿದವರು ಇಂದು ತಮ್ಮನ್ನು ಸಂತೋಷಪಡಿಸಲೆಂದೇ ತೆಗಳುತ್ತಿರಬಹುದಲ್ಲ? ಅದಕ್ಕೆ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕರೆದು, ಊಟದ ಸಾಲಿನಲ್ಲಿ ನಿಂತಿರುವಷ್ಟು ಹೊತ್ತೂ ಮಾಡೆಲ್ ಹಿಡಿಸಿ, ಆಮೇಲೆ ಬಾಯಿಮಾತು ಬೇಡ, ನೋಯುವ ಜಾಗ ಬೆರಳಿಟ್ಟು ತೋರಿಸಿ ಎಂದರು. ಒಬ್ಬರು ತೋರಿಸಿದ್ದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಆದರೂ ಎಲ್ಲರೂ ಒಂದೇ ಜಾಗ ತೋರಿಸಿದರು: ಹೆಬ್ಬೆರಳಿನ ಬುಡದ ಉಬ್ಬು.

ಆ ಭಾನುವಾರ ಅವರು ಷಿಕಾಗೋಗೆ ಹೊರಡಲಿಲ್ಲ. ಮೈಗೆ ಹುಷಾರಿಲ್ಲ, ಮಂಗಳವಾರ ಮಧ್ಯಾಹ್ನಕ್ಕೆ ನೇರವಾಗಿ ಬರುತ್ತೇನೆ ಎಂದು ಆಫೀಸಿಗೆ ತಿಳಿಸಿದರು.

ಸೋಮವಾರವಿಡೀ ಗರಾಜಿನಲ್ಲಿ ಉಜ್ಜುವ ಸದ್ದು. ಬೇರೆ ಫೋಮ್ ಕೆತ್ತಿ, ಮಡಚುವುದರ ಮೂಲೆಯನ್ನು ದುಂಡಗೆ ಮಾಡಲು ನೋಡಿದರು. ಮೂಲೆ ದುಂಡಗಾಗಬೇಕಾದರೆ ಎಲೆ ದಪ್ಪವಾಗಬೇಕು. ದಪ್ಪವಾದರೆ ಮುಚ್ಚಿದಾಗ ಇಟ್ಟಿಗೆಯಷ್ಟಾಗುತ್ತದೆ, ಜೇಬಿಗೆ ಹೋಗುವುದಿಲ್ಲ. ಜೇಬಿಗೆ ಹೋಗದ ಮೇಲೆ ಮಡಚುವುದಾದರೂ ಯಾಕೆ? ಮಧ್ಯಾಹ್ನದ ಹೊತ್ತಿಗೆ ಅದನ್ನು ಬದಿಗಿಟ್ಟು, ಉದ್ದದ್ದನ್ನು ಕೈಗೆತ್ತಿಕೊಂಡರು. ಹಿಂಬದಿಯ ಉಬ್ಬಿಗೆ ಪುಟ್ಟಿ ತುಂಬಿದರು, ಉಜ್ಜಿದರು, ಬಣ್ಣ ಹೊಡೆದರು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್. ಆ ಚಳಿಗೆ ಬಣ್ಣ ಒಣಗುವ ಮಾತೇ ಇಲ್ಲ. ಮನೆಯೊಳಗೆ ತಂದು ಬಿಸಿಗಾಳಿ ಬರುವ ಜಾಲರಿಯ ಹತ್ತಿರ ಇಟ್ಟರು. ಮನೆಯೆಲ್ಲ ವಾಸನೆ.

ಮಂಗಳವಾರ ಬೆಳಿಗ್ಗೆಯೂ ಬಣ್ಣ ಅಂಟುತ್ತಿತ್ತು. ಎಲ್ಲಿ ತಾಗಿಸಿದರೂ ಗುರುತು ಬೀಳುತ್ತಿತ್ತು. ಕೆಳಗಿನ ತೂತಿಗೆ ಒಂದು ಮರದ ಕಡ್ಡಿ ಸಿಕ್ಕಿಸಿ, ಯಾರಾದರೂ ದಾರಿಯುದ್ದಕ್ಕೂ ಅದನ್ನು ಎತ್ತಿ ಹಿಡಿದುಕೊಂಡಿರಬೇಕಾಯಿತು. ನಿಮ್ಮಮ್ಮ ಹೋಗುವುದೆಂದಿತ್ತು. ಆದರೆ ನಿಮ್ಮಲ್ಲಿ ಚಿಕ್ಕವಳಿಗೆ ಜ್ವರ ಬಂದು, ತಾಯಿಯ ಕತ್ತು ಬಿಡಲೊಲ್ಲದೆ ಅಳತೊಡಗಿದಳು.

"ಅಮ್ಮ, ನೀವೇ ಹೋಗ್ಬನ್ನಿ," ಎಂದಳು ನಿಮ್ಮಮ್ಮ.

ನಾನು ಅವರ ಪಕ್ಕದ ಸೀಟಿನಲ್ಲಿ ಅದುವರೆಗೆ ಕುಳಿತಿರಲಿಲ್ಲ. ಶಾಲು ಹೊದ್ದು, ಆರತಿ ಹಿಡಿದವಳ ಹಾಗೆ ಆ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತೆ. ಮಡಚುವುದು ಹಿಂದಿನ ಸೀಟಿನಲ್ಲಿತ್ತು. ಆನ್ ಆರ್ಬರ್ ದಾಟಿತು, ಜಾಕ್ಸನ್ ದಾಟಿತು. ಮಾತಿಲ್ಲ. ನಡುವೆ ದಾಟಿಸುವವರು ಯಾರೂ ಇರಲಿಲ್ಲವಲ್ಲ. ಬಣ್ಣದ ವಾಸನೆಗೆ ಅವರು ಕಿಟಕಿ ಒಂದಿಷ್ಟು ಇಳಿಸಿದ್ದರು. ನನ್ನ ಕಿವಿ ಮರಗಟ್ಟಿತ್ತು. ಏರಿಸಿ ಎನ್ನಲು ನಾಲಿಗೆ ಬರಲಿಲ್ಲ.

ಬೆಂಟನ್ ಹಾರ್ಬರ್ ಹತ್ತಿರ ಸರೋವರದ ಕಡೆಯಿಂದ ಹಿಮ ಬೀಸತೊಡಗಿತು. ಮುಂದಿನ ಟ್ರಕ್ಕಿನ ಕೆಂಪು ದೀಪ ಕಂಡಿತು, ಮರೆಯಾಯಿತು, ಮತ್ತೆ ಒಮ್ಮೆಲೇ ಕಣ್ಣೆದುರೇ ಬಂತು. ಅವರು ಬ್ರೇಕ್ ತುಳಿದರು. ಕಾರು ಅಡ್ಡಡ್ಡ ಜಾರಿತು. ನಾನು ಕಣ್ಣು ಮುಚ್ಚಿ ಕೈಗಳನ್ನು ಮೇಲೆತ್ತಿದೆ. ಕಾರು ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ಟಿನ ಪಕ್ಕದ ಹಿಮದ ಗುಡ್ಡೆಗೆ ಮೆತ್ತಗೆ ಒರಗಿ ನಿಂತಿತು.

"ಅತ್ತೆ! ಏನಾದ್ರೂ ಆಯ್ತಾ?"

"ಏನೂ ಆಗಿಲ್ಲ, ಎಲ್ಲೂ ತಾಗಿಲ್ಲ," ಎಂದೆ ಮಾಡೆಲ್ ತೋರಿಸಿ.

"ಅದಲ್ಲ. ನಿಮಗೆ."

"ನನಗೇನೂ ಇಲ್ಲ."

ಅವರು ಸ್ಟೀರಿಂಗ್ ಮೇಲೆ ಹಣೆ ಇಟ್ಟುಕೊಂಡರು. ತಲೆಯೆತ್ತದೆಯೇ ಮಾತಾಡಿದರು. "ಮಡಚೋದನ್ನೇ ಕೊಡ್ತೀವಿ ಅಂತ ನಮ್ಮ ಮ್ಯಾನೇಜರ್ ಮೆಷಿನ್ ಮಾಡಿಸೋರಿಗೆ ಮಾತು ಕೊಟ್ಟಿದಾನೆ ಅತ್ತೆ. ಅದನ್ನ ಟೇಬಲ್ ಮೇಲಿಟ್ಟು ಸುಮ್ನಿದ್ರೆ ಇವತ್ತು ಎಲ್ರೂ ಖುಷಿಯಾಗ್ತಾರೆ, ಕೆಲಸ ಉಳಿಯುತ್ತೆ. ಇದು ಸರಿಯಿಲ್ಲ ಅಂತ ನಾನೇ ಬಾಯಿ ಬಿಟ್ರೆ, ಇವತ್ತೇ ಮನೆಗೆ ಕಳಿಸಬಹುದು. ಏನ್ ಮಾಡ್ಲಿ?"

ಅಷ್ಟು ಓದಿದವರು ನನ್ನನ್ನು ಕೇಳುತ್ತಿದ್ದಾರೆ. ಮೇಲೆ ತಂದಿಟ್ಟಿದ್ದ ಸೂಟ್‌ಕೇಸುಗಳು ಕಣ್ಣಮುಂದೆ ಬಂದವು. ಸುಮ್ಮನಿದ್ದುಬಿಡಿ ಎಂಬ ಮಾತು ತುಟಿಯವರೆಗೆ ಬಂದಿತ್ತು. "ಹಿಮ ಜೋರಾಗಿದೆ, ನಿಧಾನವಾಗಿ ಹೋಗಿ," ಎಂದಷ್ಟೇ ಹೇಳಿದೆ. ಅವರು ತಲೆಯಾಡಿಸಿ ಕಾರನ್ನು ಹಿಂದಕ್ಕೆ ತೆಗೆದರು.

ಎಲ್ಕ್ ಗ್ರೋವ್ ವಿಲೇಜ್‌ನ ಆ ಕಟ್ಟಡ ಗೋದಾಮಿನ ಹಾಗಿತ್ತು. ಒಳಗೆ ಕೂರಲು ಒಂದು ಸೋಫಾ, ಅದರ ಎದುರು ಗಾಜಿನ ಗೋಡೆಯ ಮೀಟಿಂಗ್ ರೂಮು. ನಾನು ಮಾಡೆಲನ್ನು ಅವರ ಕೈಗೆ ಕೊಟ್ಟು ಕುಳಿತೆ. ಒಳಗಿನ ಮಾತು ಒಂದೂ ಕೇಳುತ್ತಿರಲಿಲ್ಲ. ಕೇಳಿದ್ದರೂ ಅರ್ಥವಾಗುತ್ತಿರಲಿಲ್ಲ. ನನಗೆ ಕಾಣುತ್ತಿದ್ದದ್ದು ಕೈಗಳು.

ಮೆಷಿನ್ ಮಾಡಿಸುವವರ ಕಡೆಯ, ದೊಡ್ಡ ಮೈಯ ಒಬ್ಬ ಮನುಷ್ಯ ಮಡಚುವುದನ್ನು ಎತ್ತಿಕೊಂಡ. ತೆರೆದ, ಮುಚ್ಚಿದ, ಜೇಬಿಗೆ ಹಾಕಿ ನೋಡಿದ, ನಕ್ಕ. ಎಲ್ಲರೂ ನಕ್ಕರು. ಬಿಳಿ ಅಂಗಿಯ ಮ್ಯಾನೇಜರ್ ನಿಮ್ಮಪ್ಪನ ಬೆನ್ನು ತಟ್ಟಿದ. ಉದ್ದದ್ದನ್ನು ಯಾರೂ ಮುಟ್ಟಲಿಲ್ಲ. ಇಲ್ಲಿಗೆ ಮುಗಿಯಿತು, ಅವರು ಸುಮ್ಮನಿರುತ್ತಾರೆ, ಕೆಲಸ ಉಳಿಯುತ್ತದೆ ಎಂದುಕೊಂಡೆ. ಎದೆ ಹಗುರಾಗಬೇಕಿತ್ತು, ಆಗಲಿಲ್ಲ.

ಆಗ ನಿಮ್ಮಪ್ಪ ಎದ್ದು ನಿಂತರು. ಆ ದೊಡ್ಡ ಮನುಷ್ಯನಿಗೆ ಮಡಚುವುದನ್ನು ಎರಡೂ ಕೈಯಲ್ಲಿ ಹಿಡಿಸಿ, ಬಟನ್ ಒತ್ತುತ್ತಲೇ ಇರುವಂತೆ ತೋರಿಸಿದರು. ತಾವು ಗೋಡೆಯ ಬೋರ್ಡಿನ ಮೇಲೆ ಏನೇನೋ ಬರೆಯುತ್ತಾ ಮಾತಾಡತೊಡಗಿದರು. ಮಾತು ಮುಗಿಸಲೇ ಇಲ್ಲ. ಮ್ಯಾನೇಜರ್ ಎರಡು ಸಲ ಗಡಿಯಾರ ನೋಡಿದ, ಒಂದು ಸಲ ಕೈಯೆತ್ತಿ ತಡೆಯಲು ನೋಡಿದ. ಅವರು ನಿಲ್ಲಿಸಲಿಲ್ಲ. ಅವರ ಕುತ್ತಿಗೆಯ ನರ ಉಬ್ಬಿದ್ದು ನನಗೆ ಗಾಜಿನಾಚೆಗೂ ಕಂಡಿತು.

ಆ ಮನುಷ್ಯ ಹಿಡಿತ ಬದಲಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಬದಲಿಸಿದ. ಒಂದು ಕೈ ತೆಗೆದು ಬೆರಳು ಕೊಡವಿದ. ಕೊನೆಗೆ ಅದನ್ನು ಮೇಜಿನ ಮೇಲಿಟ್ಟು, ಹೆಬ್ಬೆರಳಿನ ಬುಡ ಉಜ್ಜಿಕೊಂಡ. ನಿಮ್ಮಪ್ಪ ಅಲ್ಲಿಗೆ ಮಾತು ನಿಲ್ಲಿಸಿ ಉದ್ದದ್ದನ್ನು ಅವನ ಮುಂದೆ ತಳ್ಳಿದರು. ಅವನು ಹಿಡಿದ. ಬಣ್ಣ ಇನ್ನೂ ಅಂಟುತ್ತಿತ್ತೇನೋ, ಅಂಗೈ ನೋಡಿಕೊಂಡ. ಆದರೆ ಕೆಳಗಿಡಲಿಲ್ಲ. ಮೀಟಿಂಗ್ ಮುಗಿಯುವವರೆಗೂ ಅದು ಅವನ ಕೈಯಲ್ಲೇ ಇತ್ತು.

ಹೊರಗೆ ಬಂದಾಗ ಮ್ಯಾನೇಜರ್ ನಿಮ್ಮಪ್ಪನ ಮುಖ ನೋಡದೆ ಹಾದುಹೋದ. ಕಾರಿನಲ್ಲಿ ಕುಳಿತ ಮೇಲೆ ಅವರು ಬೀಗದ ಕೈ ತಿರುಗಿಸಲಿಲ್ಲ. "ಉದ್ದದ್ದನ್ನ ತಗೊಂಡ್ರು ಅತ್ತೆ. ಅದು ಮುಗಿಯೋವರೆಗೆ ನಾನೇ ಮಾಡ್ಬೇಕಂತೆ. ವೀಸಾ ಕಾಗದ ಈ ವಾರ ಹಾಕ್ತಾರೆ." ಹಾಗೆಂದು ಫೋನ್ ತೆಗೆದು ನಿಮ್ಮಮ್ಮನಿಗೆ ಮಾಡಿದರು. ಅವಳು "ಏನಾಯ್ತು, ಏನಾಯ್ತು" ಎನ್ನುತ್ತಿದ್ದಳು. ಅವರು ಫೋನನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಂಡು, "ಉಳೀತು ಕಣೇ. ಮಗು ಜ್ವರ ಹೇಗಿದೆ?" ಎಂದೆ.

ಆ ಮೆಷಿನ್ ಅಂಗಡಿಗೆ ಬರಲೇ ಇಲ್ಲ. ಮಾಡಿಸುತ್ತಿದ್ದವರೇ ಮುಂದೆ ಕೈಬಿಟ್ಟರು. ಅಷ್ಟರಲ್ಲಿ ಡೆಟ್ರಾಯಿಟ್ ಕಡೆ ಕಾರಿನ ಕೆಲಸಗಳು ಮತ್ತೆ ಚಿಗುರಿದ್ದರಿಂದ ನಮಗೆ ತೊಂದರೆಯಾಗಲಿಲ್ಲ.

ನಾವು ಷಿಕಾಗೋಗೆ ಹೋಗಿಬಂದ ಆ ವಾರದ ಶನಿವಾರ ಡಾಕ್ಟರ ಮನೆಯಲ್ಲಿ ಊಟವಿತ್ತು. ಕೆಲಸ ಉಳಿದ ಸುದ್ದಿ ಕೇಳಿ ಎಲ್ಲರೂ ನಿಮ್ಮಪ್ಪನನ್ನು ಸುತ್ತುವರಿದರು.

"ಮತ್ತ ಆ ವೈರಿ ಕಂಪನಿ ಮಷೀನ್ ಏನಾತ್ರೀ?" ಎಂದು ಡಾಕ್ಟರು ಕೇಳಿದರು.

"ಸೋತೋಯ್ತು ಸರ್."

"ಸೋಲಬೇಕಾದ್ದ! ನಾ ಹೇಳಿದ್ನಿಲ್ಲೋ?" ಎಂದು ಅವರು ಖುಷಿಯಿಂದ ನಿಮ್ಮಪ್ಪನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ನಿಮ್ಮಪ್ಪ ತಲೆ ತಗ್ಗಿಸಿ ಅದನ್ನು ಮುರಿದರು. ಪಲ್ಯದ ಪಾತ್ರೆ ನನ್ನ ಕೈಯಲ್ಲಿತ್ತು. ಬಡಿಸಲು ನಿಮ್ಮಮ್ಮನಿಗೆ ಹೇಳಲಿಲ್ಲ. ನಾನೇ ಅವರ ಎದುರು ಹೋಗಿ, "ಸ್ವಲ್ಪ ಹಾಕಲಾ?" ಎಂದು ಕೇಳಿದೆ.